ಕಬ್ಬಿಣ ಬಿಟ್ಟುಹೋದ ಹರಳು

ಯೊನೆಹಾರಾ ಮಿಸಾವೊ ತೀರಿಕೊಂಡು ಈ ಮಳೆಗಾಲಕ್ಕೆ ಎರಡು ವರ್ಷ. ಸಂಸ್ಥೆಯ ಐವತ್ತನೇ ವರ್ಷದ ಪುಸ್ತಕಕ್ಕೆ ಅವಳ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಆಫೀಸಿನವರು ಕೇಳಿದ್ದರು. ಬರೆದುಕೊಟ್ಟೆ. ಮೂವತ್ತೊಂಬತ್ತು ವರ್ಷ ಶ್ರದ್ಧೆಯಿಂದ ದುಡಿದರು, ಎಲ್ಲರಿಗೂ ಬೇಕಾದವರಾಗಿದ್ದರು, ಅಂತ. ಅಚ್ಚಾಗಿ ಬಂದಾಗ ಓದಿ ನನಗೇ ಹೇಸಿಗೆಯಾಯಿತು. ಮಠದ ಗುರುಗಳು ಸತ್ತವರಿಗೆಲ್ಲ ಒಂದೇ ಮಂತ್ರ ಓದುವ ಹಾಗೆ ಬರೆದಿದ್ದೆ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ನಾನು ತೆರಾಯಿ, ಅದೇ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ನಮ್ಮ ಯುಸಾಕಿಗೆ ಜನ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಏಡಿ ತಿಂದು ಹೋಗುವುದಕ್ಕೆ ಬರುತ್ತಾರೆ. ಗುಡ್ಡದ ಮೇಲಿನ ನಮ್ಮ ಕಟ್ಟಡ ಯಾರಿಗೂ ಬೇಕಿಲ್ಲ. ಅದರೊಳಗೆ ಎರಡು ಆಳೆತ್ತರದ ಒಂದು ಪ್ರೆಸ್ಸು ಇದೆ. ಭೂಮಿಯೊಳಗೆ ಆರುನೂರು, ಏಳುನೂರು ಕಿಲೋಮೀಟರ್ ಕೆಳಗೆ ಕಲ್ಲಿನ ಮೇಲೆ ಎಷ್ಟು ಭಾರ ಕೂತಿರುತ್ತದೋ ಅಷ್ಟನ್ನೂ ಅದು ಅಕ್ಕಿಕಾಳಿನಷ್ಟು ಜಾಗದ ಮೇಲೆ ಹೇರುತ್ತದೆ. ಎಂಟು ಗಟ್ಟಿಲೋಹದ ದಾಳಗಳ ನಡುವೆ ಒಂದು ಪಿಂಗಾಣಿ ಗೂಡು, ಗೂಡಿನೊಳಗೆ ಲೋಹದ ಪುಟ್ಟ ಕ್ಯಾಪ್ಸೂಲು, ಕ್ಯಾಪ್ಸೂಲಿನೊಳಗೆ ಚಿಟಿಕೆ ಪುಡಿ. ಗೂಡು ಕಡೆಯುವವನು ನಾನು. ಕ್ಯಾಪ್ಸೂಲು ಮಾಡುವವಳು ಮಿಸಾವೊ. ಒಳಗೆ ಏನಾಯಿತು ಎಂದು ಬರೆದು ದೊಡ್ಡವರಾಗುವವರು ಸೆನ್ಸೆಗಳು, ಅಂದರೆ ನಮ್ಮ ಪ್ರೊಫೆಸರುಗಳು. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸ್ವಲ್ಪ ಇದ್ದರೂ ಇರಬಹುದು.

ಮಿಸಾವೊ ಬಂದದ್ದು ನೆಲ ಒರೆಸುವ ಕೆಲಸಕ್ಕೆ, ಇಪ್ಪತ್ನಾಲ್ಕನೇ ವಯಸ್ಸಿಗೆ. ಅವಳ ತಾಯಿ ಕೆಳಗಿನ ಸ್ನಾನಗೃಹದಲ್ಲಿ ಟವೆಲ್ ಕೊಡುತ್ತಿದ್ದವಳು. ಮಿಸಾವೊ ಸೇರಿದ ಎರಡನೇ ತಿಂಗಳು ಹಳೆಯ ಸೆನ್ಸೆಯೊಬ್ಬರು ಒಂದು ಹರಳು ಬೀಳಿಸಿಕೊಂಡರು. ಸಾಸಿವೆ ಕಾಳಿಗಿಂತ ಚಿಕ್ಕದು, ಆರು ತಿಂಗಳ ದುಡಿಮೆ. ಐದು ಜನ ವಿದ್ವಾಂಸರು ಭೂತಗನ್ನಡಿ ಹಿಡಿದು ಮಂಡಿಯೂರಿ ಹುಡುಕುತ್ತಿದ್ದರು. ಒರೆಸುವ ಬಟ್ಟೆ ಹಿಡಿದು ಬಂದ ಇವಳನ್ನು, ಹೋಗು, ಕಾಲಿಡಬೇಡ ಎಂದು ಗದರಿದರು. ಇವಳು ಹೋಗಲಿಲ್ಲ. ಬಾಗಿಲಲ್ಲೇ ಕೂತು, ಕೈಗವಸು ಕಳಚಿ, ಅಂಗೈಯನ್ನು ನೆಲದ ಮೇಲೆ ಸವರುತ್ತ ಮುಂದೆ ಮುಂದೆ ಬಂದಳು. ಮೇಜಿನ ಕಾಲ ಹತ್ತಿರ ನಿಂತು ತೋರುಬೆರಳು ಎತ್ತಿ ಕೇಳಿದಳು:

"ಇದೇನಾ?"

ಅದೇ ಆಗಿತ್ತು. ಮುಂದಿನ ತಿಂಗಳಿಂದ ಅವಳಿಗೆ ಕ್ಯಾಪ್ಸೂಲಿನ ಮೇಜು ಕೊಟ್ಟರು.

ಆ ಕೆಲಸ ಏನು ಅಂತ ಎರಡು ಮಾತು ಹೇಳಬೇಕು. ಗುಂಡುಪಿನ್ನಿನ ದಪ್ಪದ ಲೋಹದ ಕೊಳವೆಯಿಂದ ಎರಡು ಮಿಲಿಮೀಟರ್ ಕತ್ತರಿಸಬೇಕು. ಒಂದು ತುದಿ ಬೆಸೆದು ಪುಡಿ ತುಂಬಿ ಇನ್ನೊಂದು ತುದಿಯನ್ನೂ ಬೆಸೆಯಬೇಕು. ಪುಡಿಯಲ್ಲಿ ನೀರು ಇರುತ್ತದೆ. ಬೆಸೆಯುವ ಬಿಸಿಗೆ ಅದು ಹಾರಿಹೋಗಬಾರದು, ಅದಕ್ಕೆ ಒದ್ದೆ ಕಾಗದ ಸುತ್ತಿ ಉಸಿರು ಹಿಡಿದು ಬೆಸೆಯುತ್ತಾಳೆ. ಆಮೇಲೆ ತೂಕ. ಕೂದಲೆಳೆಯಷ್ಟು ಕಡಿಮೆ ಬಂದರೂ ನೀರು ಸೋರಿದೆ ಅಂತ, ಕಸದ ಬುಟ್ಟಿಗೆ. ಮಿಸಾವೊ ಕೈಯದು ವರ್ಷಕ್ಕೆ ಒಂದೆರಡು ಬುಟ್ಟಿಗೆ ಹೋದರೆ ಹೆಚ್ಚು. ಕ್ಯಾಪ್ಸೂಲು ಮಾಡಿಕೊಡಿ ಎಂದು ಬೇರೆ ಊರಿನ ಸಂಸ್ಥೆಗಳಿಂದಲೂ ಅವಳಿಗೆ ಕಾಗದ ಬರುತ್ತಿದ್ದವು. ಅವಳು ಅದನ್ನೆಲ್ಲ ಓದಿ ಮಡಚಿ ಮೇಜಿನ ಕಾಲಡಿ ಇಡುತ್ತಿದ್ದಳು, ಮೇಜು ಅಲುಗುತ್ತಿತ್ತು.

ಕೊಳವೆ ಎರಡು ಜಾತಿ. ಮಾಮೂಲಿ ಕಲ್ಲಿನ ಪುಡಿಗೆ ಪ್ಲಾಟಿನಂ. ಕಬ್ಬಿಣ ಬೆರೆತ ಪುಡಿಗಾದರೆ ಚಿನ್ನ ಮತ್ತು ಪಲ್ಲಾಡಿಯಂ ಸೇರಿದ ಬೆರಕೆ. ಯಾಕೆಂದರೆ ಪ್ಲಾಟಿನಂ ಕಬ್ಬಿಣವನ್ನು ತಿಂದುಬಿಡುತ್ತದೆ. ಆ ಬಿಸಿಯಲ್ಲಿ ಒಂದು ದಿನ ಇಟ್ಟರೆ ಹರಳಿನೊಳಗಿನ ಕಬ್ಬಿಣವೆಲ್ಲ ಮೆಲ್ಲಗೆ ಗೋಡೆಗೆ ಇಳಿದು ಹೋಗುತ್ತದೆ. ಎರಡೂ ನೋಡಲು ಒಂದೇ ಬಿಳಿ ಬಣ್ಣ. ಬೇರೆಯವರು ಚೀಟಿ ಅಂಟಿಸಿ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಾರೆ. ಮಿಸಾವೊ ಎರಡನ್ನೂ ಒಂದೇ ಅಕ್ಕಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು, ಎಡಕ್ಕೆ ಪ್ಲಾಟಿನಂ, ಬಲಕ್ಕೆ ಬೆರಕೆ, ನಡುವೆ ಒಂದು ರಟ್ಟು. ಚೀಟಿ ಇಲ್ಲ.

"ಚೀಟಿ ಅಂಟಿಸೋಕೆ ಏನು ರೋಗ ನಿನಗೆ?" ಎಂದು ನಾನು ಎಷ್ಟೋ ಸಲ ಕೇಳಿದ್ದೆ.

"ತೆರಾಯಿ-ಸಾನ್, ನಿನ್ನ ಹೆಂಡತಿಗೆ ಚೀಟಿ ಅಂಟಿಸಿದ್ಯಾ?" ಅನ್ನುತ್ತಿದ್ದಳು. "ಒತ್ತಿದ್ರೆ ಗೊತ್ತಾಗುತ್ತೆ. ಪ್ಲಾಟಿನಂ ಒತ್ತಿದ ಹಾಗೇ ಉಳ್ಕೊಳ್ಳುತ್ತೆ, ಹೇಳಿದ ಮಾತು ಕೇಳುತ್ತೆ. ಬೆರಕೆ ಸ್ವಲ್ಪ ವಾಪಸ್ ಜಿಗಿಯುತ್ತೆ."

ನಾನೂ ಒತ್ತಿ ನೋಡಿದ್ದೇನೆ. ನಲವತ್ತು ವರ್ಷ ಲೋಹ ಕಡೆದ ಕೈ ನನ್ನದು, ಒಂದು ಸಲವೂ ನನಗೆ ಗೊತ್ತಾಗಲಿಲ್ಲ.

ಮಿಸಾವೊಗೆ ಮದುವೆಯಾಗಿತ್ತು. ಗಂಡ ಊರಿನ ಬಸ್ಸಿನ ಡ್ರೈವರ್, ಮಿತಭಾಷಿ. ಮಕ್ಕಳಾಗಲಿಲ್ಲ. ನಲವತ್ತೆಂಟಕ್ಕೆ ಎದೆನೋವು ಬಂದು ಡಿಪೋದಲ್ಲೇ ಹೋದ. ತಾಯಿಯನ್ನು ಕೊನೆತನಕ ನೋಡಿಕೊಂಡಳು. ಆಮೇಲೆ ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ಏಳೂವರೆಗೆ ಸಂಸ್ಥೆಯ ಬಾಗಿಲು ತೆರೆಯುವ ಕಾವಲುಗಾರನಿಗಿಂತ ಮೊದಲೇ ಬಂದು ನಿಂತಿರುತ್ತಿದ್ದಳು. ಅರವತ್ತಾದ ಮೇಲೆ ವರ್ಷಕ್ಕೊಮ್ಮೆ ಹೊಸದಾಗಿ ಕರಾರಿನ ಕಾಗದ ಮಾಡಿಸಿಕೊಂಡು ಅದೇ ಮೇಜಿಗೆ ಬರುತ್ತಿದ್ದಳು.

ಆ ಮೇಜಿಗೆ ಚಿಗುಸಾ ಬಂದು ಅಂಟಿಕೊಂಡಳು. ಶಿಯೋಮಿ ಚಿಗುಸಾ, ಗೋತೋ ದ್ವೀಪದ ಮೀನುಗಾರರ ಮಗಳು, ಮೂವತ್ತೊಂದರ ಹುಡುಗಿ, ಐದು ವರ್ಷದ ಕರಾರಿನ ಮೇಲೆ ಬಂದ ಸಂಶೋಧಕಿ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಹರಳು. ನೀರನ್ನು ಒಡಲಲ್ಲಿ ಕಟ್ಟಿಕೊಂಡ, ಕಬ್ಬಿಣವೂ ಸೇರಿದ, ಅರ್ಧ ಮಿಲಿಮೀಟರಿನ ಒಂದು ಹರಳು.

"ಏನು ಮಾಡ್ತೀಯ ಅದನ್ನ ಇಟ್ಕೊಂಡು?" ಎಂದು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದೆ.

"ತಟ್ಟಿ ನೋಡ್ತೀನಿ ತೆರಾಯಿ-ಸಾನ್. ಸಮುದ್ರದ ತಳ ನಮ್ಮ ಕಾಲಡಿ ಜಾರ್ಕೊಂಡು ಒಳಗೆ ಹೋಗುತ್ತಲ್ಲ, ಹೋಗ್ತಾ ನೀರನ್ನೂ ಕಲ್ಲಲ್ಲಿ ಕಟ್ಕೊಂಡು ಹೋಗುತ್ತೆ. ಅಷ್ಟು ಆಳದಲ್ಲಿ ಕೆಲವು ಕಡೆ ಭೂಕಂಪದ ಅಲೆ ನಿಧಾನ ಆಗುತ್ತೆ. ಅಲ್ಲಿ ಇಂಥ ಕಲ್ಲಿರಬಹುದು ಅಂತ ನನ್ನ ಅನುಮಾನ. ಕಬ್ಬಿಣ ಸೇರಿದ್ರೆ ಅದು ಎಷ್ಟು ಮಣಿಯುತ್ತೆ, ಎಷ್ಟು ಸೆಟೆದು ನಿಲ್ಲುತ್ತೆ, ಯಾರೂ ಸರಿಯಾಗಿ ಅಳೆದಿಲ್ಲ. ಒಂದು ಕಡೆಯಿಂದ ಸದ್ದು ಕಳಿಸೋದು, ಆ ಕಡೆ ಎಷ್ಟು ಹೊತ್ತಿಗೆ ಮುಟ್ಟಿತು ಅಂತ ನೋಡೋದು."

"ಕಲ್ಲಂಗಡಿ ತಟ್ಟಿದ ಹಾಗೆ," ಎಂದಳು ಮಿಸಾವೊ. "ಹಾಗಾದ್ರೆ ನಮ್ಮ ಸಂತೆಯ ಕಲ್ಲಂಗಡಿ ಮುದುಕಿಗೂ ಒಂದು ಡಾಕ್ಟರೇಟ್ ಕೊಡಿಸು."

ಚಿಗುಸಾ ನಕ್ಕು ನಕ್ಕು ಅನ್ನ ನೆತ್ತಿಗೇರಿ ಕೆಮ್ಮಿದಳು. ಮಿಸಾವೊ ಬೆನ್ನು ತಟ್ಟಿದಳು. ಆಮೇಲೆ ಆ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ನಾನು ನೋಡಿದೆ, ನೋಡದವನಂತೆ ಸಾರು ಕುಡಿದೆ.

ನಾಲ್ಕು ವರ್ಷ ಇಬ್ಬರೂ ಹೀಗೇ. ಮಿಸಾವೊ ಅವಳಿಗೆ ಬೆಸೆಯುವುದನ್ನು ಕಲಿಸಲು ಹೋಗಿ ಸೋತಳು. "ಚಿಗುಸಾ-ಚಾನ್, ಇದು ಬಲೆ ಎಳೆಯೋ ಕೈ ಕಣೇ. ಇದಕ್ಕೆ ತಿಮಿಂಗಿಲ ಕೊಟ್ರೂ ಹಿಡಿಯುತ್ತೆ, ಸೂಜಿ ಕೊಟ್ರೆ ಮುರಿಯುತ್ತೆ." ಚಿಗುಸಾ ಊರಿಗೆ ಹೋದಾಗಲೆಲ್ಲ ಒಣಮೀನು ತಂದುಕೊಡುತ್ತಿದ್ದಳು, ಹೊಸವರ್ಷದ ದಿನ ಮಿಸಾವೊ ಮನೆಯಲ್ಲೇ ಉಣ್ಣುತ್ತಿದ್ದಳು. ಹರಳು ಮಾತ್ರ ಬೆಳೆಯಲಿಲ್ಲ. ಮೂವತ್ತೇಳು ಸಲ ಪ್ರೆಸ್ಸು ಹಾಕಿದ್ದರು. ಒಮ್ಮೆ ಹಿಟ್ಟಿನಂತೆ ಬರುತ್ತಿತ್ತು, ಒಮ್ಮೆ ಚೂರುಚೂರು. ಒಮ್ಮೆ ದಾಳವೇ ಸಿಡಿದು ಕಟ್ಟಡವೆಲ್ಲ ಅದುರಿತು. ಐದನೇ ವರ್ಷದ ಹೊತ್ತಿಗೆ ಅವಳು ಹದ ಹಿಡಿದಿದ್ದಳು, ಹರಳು ದೊಡ್ಡದಾಗುತ್ತ ಬಂದಿತ್ತು. ಜನವರಿಯಲ್ಲಿ ಒಂದು ಸರದಿ ಉಳಿದಿತ್ತು, ಆಮೇಲೆ ಆರು ತಿಂಗಳು ಪ್ರೆಸ್ಸು ರಿಪೇರಿಗೆ. ಆ ಹರಳು ಸರಿಯಾಗಿ ಬಂದರೆ ಫೆಬ್ರವರಿಯ ಸಭೆಯಲ್ಲಿ ಅವಳನ್ನು ಕಾಯಂ ಮಾಡುತ್ತೇವೆ ಎಂದು ನಿರ್ದೇಶಕರು ಬಾಯಿಬಿಟ್ಟೇ ಹೇಳಿದ್ದರು. ಬರದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ಗಂಟು ಕಟ್ಟಬೇಕು.

ಆ ಜನವರಿಗೆ ಮುಂಚಿನ ಬೇಸಿಗೆಯಲ್ಲೇ ಮಿಸಾವೊಗೆ ಎದೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಔಷಧಿ ಏರಿಸಿದರು, ಕೂದಲು ಉದುರಿತು. ಎರಡು ತಿಂಗಳಲ್ಲಿ ತಲೆಗೆ ಟೋಪಿ ಹಾಕಿಕೊಂಡು ಮೇಜಿಗೆ ಬಂದು ಕೂತಳು. ಎಲ್ಲರೂ ಹೊಗಳಿದರು. ನವೆಂಬರಿನ ಒಂದು ಬೆಳಿಗ್ಗೆ ನಾನು ಎರಡು ಲೋಟ ಚಹಾ ಸುರಿದೆ. ಲೋಟ ಮುಟ್ಟಲಾಗದಷ್ಟು ಸುಡುತ್ತಿತ್ತು, ನಾನು ಬಟ್ಟೆಯಲ್ಲಿ ಹಿಡಿದಿದ್ದೆ. ಅವಳು ಬರಿಗೈಯಲ್ಲಿ ಎತ್ತಿಕೊಂಡು, ಹಿಡಿದುಕೊಂಡೇ ಮಾತಾಡುತ್ತ ನಿಂತಳು. ಬೆರಳ ತುದಿ ಕೆಂಪಗಾಗುತ್ತಿತ್ತು. ಅವಳಿಗೆ ಅರಿವೇ ಇರಲಿಲ್ಲ.

ಲೋಟ ಕಿತ್ತುಕೊಂಡೆ. "ಯಾವಾಗಿನಿಂದ ಹೀಗೆ?"

"ಔಷಧಿದು. ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು."

"ಹೋಗೋ ತನಕ ಮೇಜಿಗೆ ಕೂರಬೇಡ. ಆಫೀಸಿಗೆ ಹೇಳು."

"ಹೇಳಿದ್ರೆ ಮೇಜು ಬೇರೆಯವರಿಗೆ ಕೊಡ್ತಾರೆ. ಆ ಹುಡುಗಿದು ಒಂದು ಮುಗಿದುಬಿಡಲಿ. ಕಣ್ಣಿದೆಯಲ್ಲ ನನಗೆ, ಕಣ್ಣಲ್ಲಿ ಮಾಡ್ತೀನಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, "ಯಾರಿಗೂ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಮೂವತ್ತೊಂಬತ್ತು ವರ್ಷದಲ್ಲಿ ಅವಳು ನನ್ನಲ್ಲಿ ಬೇಡಿದ್ದು ಅದೊಂದೇ. ಹೂಂ ಅಂದೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಡಿಸೆಂಬರ್ ಇಪ್ಪತ್ತೆಂಟಕ್ಕೆ ವರ್ಷದ ಕೊನೆಯ ದೊಡ್ಡ ಸ್ವಚ್ಛತೆ. ನಿರ್ದೇಶಕರಿಂದ ಹಿಡಿದು ಎಲ್ಲರೂ ತಲೆಗೆ ಬಟ್ಟೆ ಕಟ್ಟಿ ಒರೆಸುತ್ತೇವೆ, ಪ್ರೆಸ್ಸಿನ ಮುಂದೆ ಹೊಸವರ್ಷದ ಅಕ್ಕಿಮುದ್ದೆ ಇಡುತ್ತೇವೆ. ಮಿಸಾವೊಗೆ ಮೈ ಸರಿಯಿಲ್ಲ ಎಂದು ಅವಳ ಮೇಜನ್ನು ನಾನೇ ಒರೆಸಿದೆ. ಬಿಸ್ಕತ್ತಿನ ಡಬ್ಬಿ ಎತ್ತಿ, ಅಡಿ ಒರೆಸಿ, ವಾಪಸ್ ಇಟ್ಟೆ. ಹಿಂದುಮುಂದಾಗಿ ಇಟ್ಟೆ. ಹಿಂದಿನ ವರ್ಷಗಳಲ್ಲೂ ಯಾರೋ ಹಾಗೆ ಇಟ್ಟಿದ್ದಿರಬೇಕು, ಆಗೆಲ್ಲ ಅವಳು ಒತ್ತಿದ ಕೂಡಲೇ ಬೈದುಕೊಂಡು ಸರಿಮಾಡಿಕೊಂಡಿರುತ್ತಾಳೆ. ಈ ಸಲ ಬಲಗಡೆ ಕೈಹಾಕಿದಳು, ಪ್ಲಾಟಿನಂ ಬಂತು. ಕಣ್ಣಿಗೆ ಎರಡೂ ಒಂದೇ.

ಜನವರಿ ಮೂರನೇ ವಾರ ಪ್ರೆಸ್ಸು ಹಾಕಿದರು. ಏರಿಸುವುದಕ್ಕೆ ಒಂದು ದಿನ, ಬಿಸಿಯಲ್ಲಿ ಒಂದು ದಿನ, ಇಳಿಸುವುದಕ್ಕೆ ಮತ್ತೊಂದು ದಿನ. ದಾಳ ಒಂದೂ ಬಿರಿಯಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನನ್ನ ಗೂಡನ್ನು ಒಡೆದು ಕ್ಯಾಪ್ಸೂಲು ತೆಗೆದು ಚಿಗುಸಾ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದಳು. ಸುತ್ತ ನಾವು ಏಳೆಂಟು ಜನ. ಒಳಗೆ ಹರಳು ಇತ್ತು. ಅರ್ಧ ಮಿಲಿಮೀಟರಿಗಿಂತ ದೊಡ್ಡದು, ಒಂದೂ ಬಿರುಕಿಲ್ಲ. ಪರದೆಯ ಮೇಲೆ ನೋಡಿದ ಕೂಡಲೇ ಯಾರೋ ಚಪ್ಪಾಳೆ ತಟ್ಟಿದರು. "ಎಷ್ಟು ಚೊಕ್ಕವಾಗಿದೆ ನೋಡಿ, ಗಾಜಿನ ಹಾಗೆ."

ಚಿಗುಸಾ ತಲೆ ಎತ್ತಲಿಲ್ಲ. ಗಾಜಿನ ಹಾಗೆ ಇರಬಾರದಿತ್ತು. ಕಬ್ಬಿಣ ಇದ್ದಿದ್ದರೆ ಅದು ಕಡುಚಹಾದ ಬಣ್ಣಕ್ಕೆ ಇರಬೇಕಿತ್ತು. ಅವಳ ಕತ್ತಿನ ಹಿಂಭಾಗ ಬಿಳಿಚಿಕೊಂಡಿದ್ದು ನನಗೆ ಕಾಣುತ್ತಿತ್ತು. ಆಮೇಲೆ ಎದ್ದು, ಮಿಸಾವೊಗೆ ಜಾಗ ಬಿಟ್ಟಳು. ಮಿಸಾವೊ ಬಗ್ಗಿ ನೋಡಿದಳು. ಹರಳನ್ನು ನೋಡಿದಳು, ಪಕ್ಕದಲ್ಲಿ ಬಿಡಿಸಿಟ್ಟ ಕ್ಯಾಪ್ಸೂಲಿನ ಸಿಪ್ಪೆಯನ್ನೂ ನೋಡಿದಳು.

"ಒಳ್ಳೇ ದೊಡ್ಡ ಹರಳು," ಎಂದಳು. ಲೋಟಗಳನ್ನೆಲ್ಲ ಬಾಚಿಕೊಂಡು ತೊಳೆಯುವುದಕ್ಕೆ ಹೋದಳು.

ಮಾರನೇ ದಿನ ಮಧ್ಯಾಹ್ನ ಚಿಗುಸಾ ವರ್ಕ್‌ಶಾಪಿಗೆ ಬಂದು ಬಾಗಿಲು ಹಾಕಿದಳು.

"ತೆರಾಯಿ-ಸಾನ್, ಕ್ಯಾಪ್ಸೂಲಿನ ಗೋಡೆ ನೋಡಿದೆ ಮಿಷನ್‌ನಲ್ಲಿ. ಪ್ಲಾಟಿನಂ. ನನ್ನ ಕಬ್ಬಿಣ ಎಲ್ಲ ಅದರೊಳಗೆ ಕೂತಿದೆ."

ಡಬ್ಬಿ ಒರೆಸಿದ್ದು ಕಣ್ಣಿಗೆ ಕಟ್ಟಿತು. ಮಿಸಾವೊ ಬೆರಳಿನ ವಿಷಯ ಹೇಳಿಬಿಟ್ಟೆ. ಡಬ್ಬಿಯ ವಿಷಯ ಹೇಳಲಿಲ್ಲ.

"ಬೆರಳ ವಿಷಯ ಗೊತ್ತು," ಎಂದಳು ಚಿಗುಸಾ. "ಹೊಸವರ್ಷದ ದಿನ ಒಲೆ ಮೇಲಿನ ಅಕ್ಕಿಮುದ್ದೇನ ಬರಿಗೈಯಲ್ಲಿ ತಿರುಗಿಸ್ತಿದ್ರು."

"ಹಾಗಾದ್ರೆ ಹೋಗಿ ಹೇಳು ನಿರ್ದೇಶಕರಿಗೆ. ಕ್ಯಾಪ್ಸೂಲಿನ ತಪ್ಪು, ನಿನ್ನದಲ್ಲ. ಹದ ಸರಿಯಾಗಿತ್ತು ಅಂತ ಹರಳೇ ಹೇಳ್ತಿದೆ. ಇನ್ನೊಂದು ವರ್ಷ ಕೊಟ್ಟೇ ಕೊಡ್ತಾರೆ."

"ಕೊಡ್ತಾರೆ. ಮಿಸಾವೊ-ಸಾನ್‌ನ ಮನೆಗೆ ಕಳಿಸ್ತಾರೆ."

"ಅವಳಿಗೆ ಅರವತ್ತು ದಾಟಿದೆ. ನಿನಗೆ ಮೂವತ್ತಾರು. ತಲೆ ಕೆಟ್ಟಿದೆಯಾ ನಿನಗೆ?"

"ನನಗೆ ಬೇರೆ ಕೆಲಸ ಸಿಗುತ್ತೆ ತೆರಾಯಿ-ಸಾನ್. ಅವರಿಗೆ ಈ ಮೇಜು ಬಿಟ್ರೆ ಏನಿದೆ? ಮನೇಲಿ ಯಾರಿದ್ದಾರೆ? ಅದೇ ಅವರನ್ನ ಇಷ್ಟು ದಿನ ನಿಲ್ಲಿಸಿರೋದು. ತಾನೇ ಮಾಡಿದ್ದು ಅಂತ ಗೊತ್ತಾದ್ರೆ ಅವರು ಉಳಿಯಲ್ಲ." ಕಣ್ಣು ಒರೆಸಿಕೊಂಡಳು. "ಪುಡಿ ಬೆರೆಸಿದ್ದು ನಾನು, ಕಬ್ಬಿಣ ಕಡಿಮೆ ಹಾಕಿದೆ ಅಂತ ಪ್ರಯೋಗದ ಪುಸ್ತಕದಲ್ಲಿ ಬರೆದಿದ್ದೀನಿ. ನೀವು ಅವರಿಗೆ ಹೇಳಬಾರದು."

ಮತ್ತೆ ಹೂಂ ಅಂದೆ. ಹೂಂ ಅನ್ನುವುದೇ ನನ್ನ ಕಸುಬಾಗಿಬಿಟ್ಟಿತ್ತು ಆಗ.

ಫೆಬ್ರವರಿ ಎಂಟು ಬಂತು. ಮುರಿದ ಸೂಜಿಗಳಿಗೆ ಹೆಂಗಸರು ಶಾಂತಿ ಮಾಡುವ ದಿನ. ನಮ್ಮಲ್ಲಿ ಅದೇ ದಿನ ವರ್ಷವಿಡೀ ಬಿರುಕು ಬಿಟ್ಟ ದಾಳಗಳಿಗೆ ಶಾಂತಿ. ಪನೀರಿನಂತೆ ಮೆತ್ತಗಿರುವ ದೊಡ್ಡ ತೋಫು ತುಂಡೊಂದನ್ನು ಮೇಜಿನ ಮೇಲಿಟ್ಟು, ಒಡೆದ ದಾಳಗಳನ್ನು ಅದರಲ್ಲಿ ಹೂತು, ಅಕ್ಕಿಯ ಸಾಕೆ ಮದ್ಯ ಚಿಮುಕಿಸಿ ಕೈಮುಗಿಯುತ್ತೇವೆ. ಬಾಳೆಲ್ಲ ಗಟ್ಟಿಯನ್ನೇ ಒತ್ತಿದ್ದೀರಿ, ಇನ್ನು ಮೆತ್ತಗೆ ಮಲಗಿ ಅಂತ. ಚಿಗುಸಾ ಅವತ್ತು ಊರಿಗೆ ಹೋಗಿದ್ದಳು. ಎಲ್ಲರೂ ಇಟ್ಟಾದ ಮೇಲೆ ಮಿಸಾವೊ ಮುಂದೆ ಬಂದಳು. ಜೇಬಿನಿಂದ ತನ್ನ ಚಿಮಟವನ್ನು ತೆಗೆದಳು. ಮೂವತ್ತು ವರ್ಷದಿಂದ ಅವಳು ಕೊಳವೆ ಒತ್ತಿ ನೋಡುತ್ತಿದ್ದ ಚಿಮಟ. ಅದನ್ನು ತೋಫುವಿನೊಳಗೆ ನೆಟ್ಟಳು.

"ಅದು ಮುರಿದಿಲ್ವಲ್ಲ ಯೊನೆಹಾರಾ-ಸಾನ್," ಎಂದ ಆಫೀಸಿನವನೊಬ್ಬ.

"ಮುರಿದಿದೆ," ಎಂದಳು.

ನಾನು ಅವಳ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು. ಲೋಟ ಬಾಚಿಕೊಂಡು ಎದ್ದುಹೋದ ಆ ಗಳಿಗೆಯಿಂದಲೇ ಗೊತ್ತಿತ್ತು. ಸಭೆಗೆ ಇನ್ನೂ ಎರಡು ವಾರವಿತ್ತು, ಹೋಗಿ ಒಂದು ಮಾತು ಹೇಳಿದ್ದರೆ ಹುಡುಗಿ ಉಳಿಯುತ್ತಿದ್ದಳು. ಮಿಸಾವೊ ಹೋಗಿ ಹೇಳುತ್ತಾಳೆ ಎಂದು ನಾನು ಕಾದೆ. ದಿನಾ ಬೆಳಿಗ್ಗೆ ಕಾದೆ. ಅವಳು ಏಳೂವರೆಗೆ ಬಂದು ಮೇಜು ಒರೆಸಿ ಕೂರುತ್ತಿದ್ದಳು, ನಿರ್ದೇಶಕರ ಕೋಣೆಯ ಕಡೆ ಹೋಗುವ ಓಣಿಗೆ ಕಾಲಿಡಲಿಲ್ಲ. ನಾನೂ ಇಡಲಿಲ್ಲ. ಹೋಗಿದ್ದರೆ ಡಬ್ಬಿಯ ಮಾತನ್ನೂ ಆಡಬೇಕಾಗುತ್ತಿತ್ತಲ್ಲ. ಇಬ್ಬರು ಮುದುಕರು, ಒಂದು ಹುಡುಗಿಯ ಬದುಕು. ಸಭೆ ನಡೆಯಿತು, ಹದ ತಪ್ಪಿದೆ ಎಂದು ಅವರು ಬರೆದುಕೊಂಡರು. ಮಾರ್ಚ್ ಕೊನೆಗೆ ಚಿಗುಸಾ ಹೋದಳು. ಈಗ ಗೋತೋದಲ್ಲಿ ಮೀನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾಳಂತೆ. ಭೂಮಿಯೊಳಗೆ ಅಲೆ ಯಾಕೆ ನಿಧಾನವಾಗುತ್ತದೆ ಎಂದು ಕೇಳಿಕೊಂಡು ಬಂದವಳು.

ಮಿಸಾವೊ ಏಪ್ರಿಲ್‌ನಲ್ಲಿ ಕರಾರಿನ ಕಾಗದ ಹೊಸದು ಮಾಡಿಸಿಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಗಡ್ಡೆ ಬೆನ್ನುಮೂಳೆಗೆ ಬಂದಿದೆ ಎಂದರು. ಜೂನಿನ ಮಳೆ ಹಿಡಿದಿತ್ತು. ನಮ್ಮ ಹಿತ್ತಿಲಿನ ಲಕ್ಕೋಟೆ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಎಲುಬು ಎಣಿಸಬಹುದಿತ್ತು, ಅಷ್ಟು ಇಳಿದಿದ್ದಳು. ನಾನು ಸುಲಿದು ಸುಲಿದು ಕೊಟ್ಟೆ. ಎರಡು ತಿಂದು ಸಾಕೆಂದಳು.

"ತೆರಾಯಿ-ಸಾನ್, ಒಂದು ಹೇಳ್ಬೇಕು. ಆ ಕ್ಯಾಪ್ಸೂಲು ಪ್ಲಾಟಿನಂ. ಅವತ್ತೇ ನೋಡಿದೆ. ಸಿಪ್ಪೆ ಸುಕ್ಕಾಗಿದ್ದ ರೀತಿ ನೋಡಿದ ಕೂಡಲೇ ಗೊತ್ತಾಯ್ತು."

"ಗೊತ್ತು," ಎಂದೆ.

"ಹೇಳೋಕೆ ಆಗ್ಲಿಲ್ಲ ನನಗೆ. ಮೂರು ಸಲ ಎದ್ದೆ ಹೇಳ್ಬೇಕು ಅಂತ. ಯೊನೆಹಾರಾ ಕೈ ತಪ್ಪಲ್ಲ ಅಂತಾರಲ್ಲ ಎಲ್ಲ. ಅದೊಂದು ಮಾತು ಬಿಟ್ರೆ ನನ್ನ ಹತ್ರ ಇನ್ನೇನೂ ಇರಲಿಲ್ಲ. ಅದನ್ನ ಕೊಡೋಕೆ ಮನಸ್ಸು ಬರಲಿಲ್ಲ. ಆ ಮಗು ತನ್ನದೇ ತಪ್ಪು ಅಂದ್ಕೊಂಡು ಹೋಯ್ತು."

ಡಬ್ಬಿ ತಿರುಗಿಸಿಟ್ಟವನು ನಾನು ಎಂದು ಹೇಳಿದೆ, ಅಷ್ಟು ತಿಂಗಳ ಮೇಲೆ.

"ಡಬ್ಬಿ ಹೇಗಿದ್ರೇನು," ಎಂದಳು. "ಬೆರಳು ಸತ್ತಿತ್ತು."

ಇನ್ನೊಂದು ಮಾತು ಉಳಿದಿತ್ತು, ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಚಿಗುಸಾಗೆ ಮಾತು ಕೊಟ್ಟಿದ್ದೆ. ಆದರೆ ಇವಳು ಆ ಹುಡುಗಿ ಏನೂ ಅರಿಯದೆ ಹೋದಳು ಎಂದುಕೊಂಡೇ ಸಾಯುವುದೂ ಸರಿ ಕಾಣಲಿಲ್ಲ. ಹೇಳಿಬಿಟ್ಟೆ. "ಅವಳಿಗೂ ಗೊತ್ತಿತ್ತು ಮಿಸಾವೊ-ಸಾನ್. ಮಾರನೇ ದಿನವೇ ಕಂಡುಹಿಡಿದಿದ್ಳು. ನಿನಗೆ ತಿಳೀಬಾರದು ಅಂತ ತಾನೇ ತಪ್ಪು ಬರೆದುಕೊಂಡಳು."

ಸಮಾಧಾನ ಆಗಬಹುದು ಎಂದುಕೊಂಡಿದ್ದೆ. ಅವಳ ಮುಖ ನೋಡಿದ ಮೇಲೆ, ಹೇಳಬಾರದಿತ್ತು ಎನಿಸಿತು. ಅವಳು ಅಳಲಿಲ್ಲ. ನರ್ಸ್ ಬಂದು ಬಾಟಲಿ ಬದಲಿಸಿ ಹೋದಳು.

"ಕೊನೇ ದಿನ ಬಂದಿದ್ಳಲ್ಲ ಮೇಜಿನ ಹತ್ರ," ಎಂದಳು ಮೆಲ್ಲಗೆ. "ನೀನೂ ಇದ್ದೆ. ನನ್ನ ಎರಡೂ ಕೈ ಹಿಡ್ಕೊಂಡು ಏನೇನೋ ಹೇಳ್ತಿದ್ಳು, ಆರೋಗ್ಯ ನೋಡ್ಕೊಳಿ ಅಂತ. ಯಾವಾಗ ಹೋಗ್ತಾಳಪ್ಪ, ಮುಖ ಹೇಗೆ ನೋಡ್ಲಿ ಅಂತ ನಾನು ಕಿಟಕಿ ಕಡೆ ನೋಡ್ತಿದ್ದೆ. ಬೆರಳಿಗೇನೂ ಗೊತ್ತಾಗ್ಲಿಲ್ಲ. ತೆರಾಯಿ-ಸಾನ್, ಸುಮ್ನೆ ಶಾಸ್ತ್ರಕ್ಕೆ ಹಿಡ್ಕೊಂಡಿದ್ಳಾ, ಗಟ್ಟಿಯಾಗಿ ಹಿಡ್ಕೊಂಡಿದ್ಳಾ?"

"ಗಟ್ಟಿಯಾಗಿ," ಎಂದೆ.

"ನಿಜ ಹೇಳು."

"ಗಟ್ಟಿಯಾಗಿ ಹಿಡ್ಕೊಂಡಿದ್ಳು. ನಾನು ನೋಡಿದೆ."

ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಒಂಬತ್ತು ದಿನದ ಮೇಲೆ ಹೋದಳು. ಚಿಗುಸಾ ಕೈ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅವತ್ತು ನಾನೂ ಕಿಟಕಿಯ ಕಡೆಗೇ ನೋಡುತ್ತ ನಿಂತಿದ್ದೆ.